ನಮ್ಮ ನಾಯಕತ್ವದ ಶೈಲಿ ಯಾವುದೆಂದು ನಿಜವಾಗಿ ತಿಳಿಯುವುದು ಹೇಗೆ?

ಪೀಣ್ಯ_ಪ್ರೊಡಕ್ಷನ್
ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ಘಟಕದ ಮ್ಯಾನೇಜರ್ ನಾನು. ಎರಡು ಶಿಫ್ಟ್, ಒಟ್ಟು 24 ಜನ, ಅದರಲ್ಲಿ 4 ಸೂಪರ್‌ವೈಸರ್‌ಗಳು. ಆನ್‌ಲೈನ್ ಪರೀಕ್ಷೆಗಳಲ್ಲಿ ನನ್ನದು ‘ಡೆಮಾಕ್ರಟಿಕ್’, ಅಂದರೆ ಎಲ್ಲರನ್ನೂ ಕೇಳಿ ನಡೆಯುವ ಶೈಲಿ ಅಂತ ಬರುತ್ತದೆ. ಆದರೆ ನಾನು ರಜೆಯಲ್ಲಿದ್ದರೆ ಇನ್ಸರ್ಟ್ (ಲೋಹ ಕತ್ತರಿಸುವ, ಸವೆದಾಗ ಬದಲಿಸುವ ಚಿಕ್ಕ ತುದಿ) ಬದಲಿಸಲೂ ಫೋನ್ ಬರುತ್ತದೆ. ಇವೆರಡೂ ತಾಳೆಯಾಗುತ್ತಿಲ್ಲ. ಖರ್ಚಿಲ್ಲದೆ, ನಂಬುವಂಥ ರೀತಿಯಲ್ಲಿ ಕಂಡುಕೊಳ್ಳಲು ದಾರಿ ಇದೆಯೇ?

ಲೈನ್_ಬ್ಯಾಲೆನ್ಸ್
ಆ ಪರೀಕ್ಷೆಗಳಲ್ಲಿ ನಾವು ಟಿಕ್ ಮಾಡುವುದು ಹೇಗಿರಬೇಕು ಅಂದುಕೊಂಡಿದ್ದೇವೋ ಅದನ್ನು. ಹೇಗಿದ್ದೇವೆ ಅನ್ನುವುದು ತೀರ್ಮಾನಗಳಲ್ಲಿ ಕಾಣುತ್ತದೆ. 10 ಕೆಲಸದ ದಿನ ಒಂದು ನೋಟ್‌ಬುಕ್ ಇಡಿ. ನಿಮ್ಮ ತನಕ ಬಂದ ಪ್ರತಿ ತೀರ್ಮಾನಕ್ಕೂ ಒಂದು ಸಾಲು: ಏನು, ಯಾರನ್ನು ಮೊದಲು ಕೇಳಿದಿರಿ, ಕೊನೆಗೆ ಹೇಳಿದವರು ಯಾರು. ಫೋನಿನಲ್ಲಿ ಹೇಳಿದ್ದೂ ಸೇರಬೇಕು. ಅದೇ ಶಿಫ್ಟಿನಲ್ಲಿ ಬರೆಯಿರಿ. ಶನಿವಾರ ಕೂತು ಬರೆದರೆ ನೆನಪು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಆಮೇಲೆ ಪ್ರತಿ ಸಾಲಿಗೂ 1ರಿಂದ 7ರೊಳಗೆ ಅಂಕ. 1958ರಲ್ಲಿ ಟ್ಯಾನನ್‌ಬಾಮ್ ಮತ್ತು ಶ್ಮಿಟ್ ಎಂಬ ನಿರ್ವಹಣಾ ತಜ್ಞರು ಕೊಟ್ಟ ಅಳತೆಗೋಲು ಇದು. 1 ಅಂದರೆ ತೀರ್ಮಾನಿಸಿ ತಿಳಿಸುವುದು, 2 ತೀರ್ಮಾನಿಸಿ ತಂಡವನ್ನು ಒಪ್ಪಿಸುವುದು, 5 ಸಮಸ್ಯೆ ಮುಂದಿಟ್ಟು ಸಲಹೆ ಪಡೆದು ತಾನು ತೀರ್ಮಾನಿಸುವುದು, 7 ಮಿತಿಯೊಳಗೆ ತಂಡಕ್ಕೇ ಬಿಡುವುದು. ಬಹಳ ಜನ ಎಡವುವುದು 2 ಮತ್ತು 5ರ ನಡುವೆ. ಮನಸ್ಸಿನಲ್ಲಿ ನಿರ್ಧಾರ ಮಾಡಿಕೊಂಡು ‘ಏನಂತೀರಿ?’ ಅಂದರೆ ಅದು 5 ಅಲ್ಲ. ಅವರ ಮಾತಿನಿಂದ ನಿರ್ಧಾರ ಬದಲಾದ ಒಂದು ಸಾಲೂ ಸಿಗದಿದ್ದರೆ, ಅವಕ್ಕೆಲ್ಲ 2 ಹಾಕಿ.

ಡಿಸ್ಪ್ಯಾಚ್ (ಮಾಲು ಕಳಿಸುವ) ದಿನಗಳನ್ನೂ ರಿಜೆಕ್ಷನ್ (ಮಾಲು ತಿರಸ್ಕಾರ) ಬಂದ ದಿನಗಳನ್ನೂ ಬೇರೆ ಮಾಡಿ ನೋಡಿ. ಒತ್ತಡದಲ್ಲಿ ಅಂಕ 5ರಿಂದ 1ಕ್ಕೆ ಇಳಿಯುತ್ತಿದ್ದರೆ ಜನ ನೆನಪಿಟ್ಟುಕೊಳ್ಳುವುದು ಆ 1ನ್ನೇ.

ತರಬೇತಿ_ವಿಭಾಗ
ನೋಟ್‌ಬುಕ್ ಅರ್ಧ ಚಿತ್ರ. ಇನ್ನರ್ಧ ನಿಮ್ಮ ಕೈಕೆಳಗಿನವರಿಂದ ಬರಬೇಕು. ಎಂಟು ವಾಕ್ಯಗಳ ಒಂದು ಹಾಳೆ ಸಾಕು. ‘ಮ್ಯಾನೇಜರ್ ಒಳ್ಳೆಯವರೇ?’ ಅಂತ ಕೇಳಬೇಡಿ. ನಡವಳಿಕೆ ಕೇಳಿ: ‘ತಪ್ಪಾದಾಗ ಮೊದಲು ಕಾರಣ ಕೇಳುತ್ತಾರೆ’, ‘ಕೆಲಸ ಒಪ್ಪಿಸಿದ ಮೇಲೆ ಮಧ್ಯೆ ಬಂದು ಬದಲಿಸುತ್ತಾರೆ’. ಎಷ್ಟು ಸಲ ಅನ್ನುವುದಕ್ಕೆ 1ರಿಂದ 5. ಅದೇ ಹಾಳೆಯನ್ನು ನೀವೂ ಮೊದಲೇ ತುಂಬಿಟ್ಟುಕೊಳ್ಳಿ. ಎರಡು ಅಂಕಕ್ಕಿಂತ ಹೆಚ್ಚು ಅಂತರ ಬಂದ ವಾಕ್ಯವೇ ನೀವು ನೋಡಬೇಕಾದ ಜಾಗ.

ಬರೀ 4 ಸೂಪರ್‌ವೈಸರ್‌ಗಳನ್ನು ಕೇಳಿದರೆ ಯಾರು ಏನು ಬರೆದರು ಅಂತ ಗೊತ್ತಾಗಿಬಿಡುತ್ತದೆ. ಸೆಟ್ಟರ್ (ಯಂತ್ರವನ್ನು ಕೆಲಸಕ್ಕೆ ಹೊಂದಿಸುವವರು), ಇನ್‌ಸ್ಪೆಕ್ಟರ್‌ಗಳನ್ನೂ ಸೇರಿಸಿ. ಟಿಕ್ ಮಾತ್ರ, ಕೈಬರಹ ಬೇಡ. ಇನ್‌ಕ್ರಿಮೆಂಟ್ ತಿಂಗಳಲ್ಲಂತೂ ಬೇಡವೇ ಬೇಡ, ಎಲ್ಲ ಸಿಹಿಯಾಗಿಯೇ ಬರುತ್ತದೆ. ಶಿಫ್ಟಿಗೊಂದು ಬಣ್ಣದ ಕಾಗದ ಕೊಡಿ. ಒಂದು ಶಿಫ್ಟ್ 5, ಇನ್ನೊಂದು 1 ಕೊಟ್ಟರೆ ಸರಾಸರಿ 3 ಬರುತ್ತದೆ, ಆದರೆ ನಿಮ್ಮದು ಮಧ್ಯಮ ಶೈಲಿ ಅಂತಲ್ಲ. ಎರಡು ಗುಂಪಿನ ಜೊತೆ ಎರಡು ಥರ ಇದ್ದೀರಿ.

ಟೂಲ್‌ರೂಮ್
ಇಬ್ಬರೂ ಹೇಳಿದ್ದು ಸರಿ. ಆದರೆ ಒಂದೇ ಶೈಲಿಯ ಹೆಸರು ಹುಡುಕುವುದು ಬೇಡ. ಹರ್ಸಿ ಮತ್ತು ಬ್ಲಾಂಚರ್ಡ್ ಎಂಬ ನಿರ್ವಹಣಾ ತಜ್ಞರು 1969ರಲ್ಲಿ ಮುಂದಿಟ್ಟ ಮಾದರಿಯಲ್ಲಿ ಶೈಲಿ ಎದುರಿನವರ ತಯಾರಿಯ ಮೇಲೆ ನಿಲ್ಲುತ್ತದೆ, ಅದೂ ಒಂದೊಂದು ಕೆಲಸಕ್ಕೆ ಬೇರೆ ಬೇರೆ. ಸಂಶೋಧನೆಯ ಬೆಂಬಲ ಅಷ್ಟು ಗಟ್ಟಿಯಾಗಿಲ್ಲ, ಆದರೂ ಶಾಪ್‌ಫ್ಲೋರ್‌ನಲ್ಲಿ ಬಳಸಲು ಅನುಕೂಲ. ಒಬ್ಬನೇ ಸೆಟ್ಟರ್ ಇನ್ಸರ್ಟ್ ಬದಲಿಸುವುದರಲ್ಲಿ ಪಳಗಿದವನು, ಪ್ರೋಗ್ರಾಂ ತಿದ್ದುವುದರಲ್ಲಿ ಹೊಸಬ. ಮೊದಲನೆಯದನ್ನು ಬಿಟ್ಟುಕೊಡಿ, ಎರಡನೆಯದನ್ನು ಪಕ್ಕದಲ್ಲಿ ನಿಂತು ಕಲಿಸಿ.

ನಿಮಗೆ ಫೋನ್ ಬರಲು ಕಾರಣ ಬಹುಶಃ ಮಿತಿ ಎಲ್ಲೂ ಬರೆದಿಲ್ಲದಿರುವುದು. ಯಂತ್ರದ ಮೇಲೇ ಅಂಟಿಸಿ: ಇಷ್ಟು ಪೀಸ್ ಆದಮೇಲೆ ಇನ್ಸರ್ಟ್ ಬದಲಿಸಲು ಯಾರನ್ನೂ ಕೇಳಬೇಕಿಲ್ಲ, ಆಫ್‌ಸೆಟ್ (ಟೂಲ್‌ನ ಅಳತೆಯಲ್ಲಿ ಮಾಡುವ ಸಣ್ಣ ತಿದ್ದುಪಡಿ) ಉದಾಹರಣೆಗೆ 0.02 ಮಿ.ಮೀ. ತನಕ ಆಪರೇಟರ್, ಅದರ ಮೇಲೆ ಸೂಪರ್‌ವೈಸರ್. ಆ ಮಿತಿಯೊಳಗೆ ತಪ್ಪಾದರೂ ಬೈಯಬಾರದು. ಒಂದು ಸಲ ಬೈದರೆ ಕಾಗದ ಅಲ್ಲೇ ಇರುತ್ತದೆ, ಫೋನ್ ಮತ್ತೆ ಶುರು.

ಪೀಣ್ಯ_ಪ್ರೊಡಕ್ಷನ್
ಅಲ್ಲಿಯವರೆಗೆ ಬರುವ ಫೋನಿಗೆ ಏನು ಹೇಳಲಿ ಸರ್?

ಟೂಲ್‌ರೂಮ್
‘ನೀವಾಗಿದ್ದರೆ ಏನು ಮಾಡ್ತಿದ್ರಿ?’ ಅಂತ ಕೇಳಿ, ಅವರು ಉತ್ತರ ಕೊಡುವ ತನಕ ಸುಮ್ಮನಿರಿ. ಸರಿಯಿದ್ದರೆ ‘ಮಾಡಿ’ ಅನ್ನಿ, ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಸ್ಪಿಂಡಲ್ ಕ್ರ್ಯಾಶ್ (ಯಂತ್ರದ ತಿರುಗುವ ಭಾಗ ಡಿಕ್ಕಿಯಾಗುವುದು), ಗಾಯ, ಬೆಂಕಿ ಇಂಥದ್ದಕ್ಕೆ ಇದು ಬೇಡ, ಅಲ್ಲಿ ನೇರ ಆದೇಶವೇ ಸರಿ.