ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ

ಪ್ರಶ್ನೆ (ಸಾಗರದಿಂದ): ಯುದ್ಧ, ಗುಡ್ಡ ಕುಸಿತಗಳ ಸುದ್ದಿಯನ್ನು ರಾತ್ರಿ ಬಹಳ ಹೊತ್ತು ಮೊಬೈಲಿನಲ್ಲಿ ನೋಡಿದ ಮೇಲೆ, ಬೆಳಿಗ್ಗೆ ಜಪಸರ ಹಿಡಿದರೂ ಮೂರನೆಯ ಮಣಿಗೇ ಮನಸ್ಸು ಜಾರುತ್ತದೆ. ವಿಶ್ವಾಸವನ್ನು ಸ್ಥಿರವಾಗಿ ಉಳಿಸಿಕೊಳ್ಳುವುದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ತೀರ್ಥಹಳ್ಳಿಯಿಂದ): ಅಕ್ಕಾ, ಬೈಬಲಿನ 46ನೆಯ ಕೀರ್ತನೆಯನ್ನು ನಿಧಾನವಾಗಿ ಓದಿ. ಬೆಟ್ಟಗಳು ಸಮುದ್ರಕ್ಕೆ ಉರುಳಿದರೂ ಅಂಜೆವು ಎಂಬ ಅದರ ಭಾವ, ಮಳೆಗಾಲದಲ್ಲಿ ಆಗುಂಬೆ ಘಾಟಿಯ ಮಣ್ಣು ಜರಿಯುವುದನ್ನು ಕಂಡಿರುವ ನಮಗೆ ಬರಿಯ ಉಪಮೆಯಲ್ಲ. ಕೀರ್ತನೆಕಾರ ಅಪಾಯವನ್ನು ಅಲ್ಲಗಳೆಯುವುದಿಲ್ಲ. ಅದನ್ನು ಹೆಸರಿಸಿಯೇ ದೇವರನ್ನು ಆಶ್ರಯವೆನ್ನುತ್ತಾನೆ.

ಉತ್ತರ (ಶಿವಮೊಗ್ಗದಿಂದ): ಚಿಂತಿಸಬೇಡಿರೆಂದು ಆದಿ ಕ್ರೈಸ್ತ ಬೋಧಕ ಪೌಲನು ಫಿಲಿಪ್ಪಿ ಪಟ್ಟಣದ ವಿಶ್ವಾಸಿಗಳಿಗೆ ಬರೆದದ್ದು ಸೆರೆಯಲ್ಲಿದ್ದಾಗ, ಆದ್ದರಿಂದಲೇ ನಾನು ಅದನ್ನು ನಂಬುತ್ತೇನೆ. ಸುದ್ದಿಯನ್ನು ಸಂಜೆ ಒಮ್ಮೆ ಮಾತ್ರ ನೋಡಿ, ಅದರಲ್ಲಿ ಬಂದ ಒಂದು ಊರಿನ ಹೆಸರನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡು, ಅಲ್ಲಿಯವರಿಗಾಗಿ ಪ್ರಾರ್ಥಿಸುತ್ತೇನೆ.

ಸಾಗರದಿಂದ: ಇಬ್ಬರಿಗೂ ಕೃತಜ್ಞತೆಗಳು. ಇಂದು ರಾತ್ರಿ ಮೊಬೈಲನ್ನು ಅಡುಗೆಮನೆಯಲ್ಲೇ ಬಿಡುತ್ತೇನೆ.