ಫಾಸ್ಫೋ-ಇಆರ್‌ಕೆ ಬ್ಲಾಟ್: ಇಜಿಎಫ್ ಹಾಕಿದರೂ ಬ್ಯಾಂಡ್ ಏಳುತ್ತಿಲ್ಲ

ಪ್ರಶ್ನೆ (ಪಿಎಚ್‌ಡಿ ವಿದ್ಯಾರ್ಥಿನಿ):
ಇಆರ್‌ಕೆ ಎಂಬ ಸಂಕೇತವಾಹಕ ಪ್ರೋಟೀನಿಗೆ ಫಾಸ್ಫೇಟ್ ಅಂಟಿದೆಯೇ ಎಂದು ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ, ಮೆಂಬ್ರೇನಿಗೆ ವರ್ಗಾಯಿಸಿ, ಆಂಟಿಬಾಡಿಯಿಂದ ಗುರುತಿಸುವ ವಿಧಾನ) ನೋಡುತ್ತಿದ್ದೇನೆ. ಹೀಲಾ ಕೋಶಗಳನ್ನು (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ರಾತ್ರಿಯಿಡೀ ಸೀರಮ್ ಇಲ್ಲದೆ ಇಟ್ಟು, ಬೆಳಿಗ್ಗೆ ಇಆರ್‌ಕೆಯನ್ನು ಎಬ್ಬಿಸುವ ಇಜಿಎಫ್ ಎಂಬ ಬೆಳವಣಿಗೆ ಅಂಶ ಹಾಕಿ, ಒಂದು ಗಂಟೆಯ ನಂತರ ಕೋಶ ಒಡೆದು ಲೈಸೇಟ್ ತೆಗೆದೆ. ಒಟ್ಟು ಇಆರ್‌ಕೆಯ ಆಂಟಿಬಾಡಿಗೆ 44 ಮತ್ತು 42 ಕಿಲೋಡಾಲ್ಟನ್‌ನ ಜೋಡಿ ಬ್ಯಾಂಡ್ ಸ್ಪಷ್ಟವಾಗಿ ಬಂದಿದೆ. ಥ್ರಿಯೋನಿನ್ 202, ಟೈರೋಸಿನ್ 204 ಎಂಬ ಅಮೈನೋ ಆಮ್ಲಗಳಲ್ಲಿ ಫಾಸ್ಫೇಟ್ ಇರುವ ರೂಪವನ್ನು ಹಿಡಿಯುವ ಆಂಟಿಬಾಡಿಗೆ ಮಾತ್ರ ಬರೀ ಮಸುಕು. ಇಜಿಎಫ್ ಹಾಕಿದ ಲೇನಿಗೂ ಹಾಕದ ಲೇನಿಗೂ ವ್ಯತ್ಯಾಸವೇ ಇಲ್ಲ. ಆಂಟಿಬಾಡಿ ಕಂಡಕಂಡಲ್ಲಿ ಅಂಟದಂತೆ ಮೆಂಬ್ರೇನನ್ನು ಬ್ಲಾಕ್ ಮಾಡಿದ್ದು ಹಾಲಿನ ಪುಡಿಯಲ್ಲಿ. ಬೇರೆ ಆಂಟಿಬಾಡಿ ತರಿಸಿಕೊಡಿ ಎಂದು ಗೈಡ್ ಅವರನ್ನು ಕೇಳಲೇ?

ಉತ್ತರ 1:
ಹಾಲು ಬಿಡಿ. ಅದರ ಕೇಸಿನ್ ಸ್ವತಃ ಫಾಸ್ಫೋಪ್ರೋಟೀನ್, ಅಂದರೆ ಫಾಸ್ಫೇಟ್ ಇರುವ ಪ್ರೋಟೀನ್; ಫಾಸ್ಫೋ ಆಂಟಿಬಾಡಿ ಅದಕ್ಕೂ ಅಂಟಿ ಮಸುಕು ತರಬಹುದು. ಟಿಬಿಎಸ್‌ಟಿ ಬಫರಿನಲ್ಲಿ ಶೇ 5ರ ಬಿಎಸ್‌ಎ (ಹಸುವಿನ ಸೀರಮ್‌ನ ಆಲ್ಬುಮಿನ್) ಬಳಸಿ.

ಉತ್ತರ 2 (ಪ್ರಯೋಗಾಲಯದ ತಾಂತ್ರಿಕ ಅಧಿಕಾರಿ):
ಬಿಎಸ್‌ಎ ಒಳ್ಳೆಯದೇ, ಆದರೆ ನನ್ನ ಅನುಮಾನ ಹಾಲಿನ ಮೇಲಲ್ಲ, ಆ ಒಂದು ಗಂಟೆಯ ಮೇಲೆ. ಹೀಲಾದಲ್ಲಿ ಇಜಿಎಫ್ ತಗಲಿದ ಐದು-ಹತ್ತು ನಿಮಿಷಕ್ಕೇ ಇಆರ್‌ಕೆಯ ಫಾಸ್ಫೊರಿಲೇಷನ್ ತುದಿ ಮುಟ್ಟಿ, ಗಂಟೆಯ ಹೊತ್ತಿಗೆ ಬಹುಮಟ್ಟಿಗೆ ಇಳಿದಿರುತ್ತದೆ. 0, 5, 15, 60 ನಿಮಿಷಗಳ ಲೇನುಗಳನ್ನು ಒಂದೇ ಜೆಲ್‌ನಲ್ಲಿ ಓಡಿಸಿ. ದಯವಿಟ್ಟು ಆ ಬ್ಲಾಟ್ ನೋಡುವವರೆಗೆ ಹೊಸ ಆಂಟಿಬಾಡಿಗೆ ದುಡ್ಡು ಸುರಿಯಬೇಡಿ.

ಎರಡನೆಯ ಅನುಮಾನ ಫಾಸ್ಫಟೇಸ್‌ಗಳ ಮೇಲೆ, ಅಂದರೆ ಫಾಸ್ಫೇಟ್ ಕಿತ್ತುಹಾಕುವ ಕಿಣ್ವಗಳ ಮೇಲೆ. ಕೋಶ ಒಡೆದ ಕ್ಷಣದಿಂದ ಅವು ಕೆಲಸ ಶುರು ಮಾಡುತ್ತವೆ. ಅವನ್ನು ತಡೆಯಲು ನೀವು ಹಾಕುವ ಆರ್ಥೋವೆನಡೇಟನ್ನು ಸಕ್ರಿಯಗೊಳಿಸಿದ್ದೀರಾ? ಪಿಎಚ್ 10ಕ್ಕೆ ತಂದಾಗ ದ್ರಾವಣ ಹಳದಿಯಾಗಿರುತ್ತದೆ. ಬಣ್ಣ ಹೋಗುವವರೆಗೆ ಕುದಿಸಿ, ಆರಿಸಿ, ಮತ್ತೆ ಪಿಎಚ್ 10ಕ್ಕೆ ತನ್ನಿ. ಮತ್ತೆ ಹಳದಿ ಬಂದರೆ ಮತ್ತೆ ಕುದಿಸಿ. ಅದು ಟೈರೋಸಿನ್ ಫಾಸ್ಫಟೇಸ್‌ಗಳನ್ನು ತಡೆಯುತ್ತದೆ. ಥ್ರಿಯೋನಿನ್ ಕಡೆಗೆ ಸೋಡಿಯಂ ಫ್ಲೋರೈಡ್ ಬೇಕು. ನಾನಂತೂ ಮೀಡಿಯಂ ಹೀರಿ ತೆಗೆದು, ಕಿಣ್ವಗಳು ತಕ್ಷಣ ನಿಲ್ಲಲೆಂದು ಬಿಸಿ ಎಸ್‌ಡಿಎಸ್ (ಒಂದು ಡಿಟರ್ಜೆಂಟ್) ಸ್ಯಾಂಪಲ್ ಬಫರನ್ನು ನೇರವಾಗಿ ತಟ್ಟೆಗೇ ಸುರಿಯುತ್ತೇನೆ. ಡಿಎನ್‌ಎಯಿಂದಾಗಿ ಲೈಸೇಟ್ ಲೋಳೆಯಂತೆ ಎಳೆಎಳೆಯಾಗುತ್ತದೆ, ಸಣ್ಣ ಸೂಜಿಯಲ್ಲಿ ನಾಲ್ಕಾರು ಸಲ ಎಳೆದು ಬಿಟ್ಟರೆ ಸರಿಹೋಗುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ವೆನಡೇಟ್ ಹಳದಿಯಾಗಿಯೇ ಇದೆ, ಇಂದೇ ಕುದಿಸುತ್ತೇನೆ. ಐದನೇ ನಿಮಿಷದಲ್ಲಿ ಬ್ಯಾಂಡ್ ಬಂದರೂ ಅದು ಫಾಸ್ಫೋ-ಇಆರ್‌ಕೆಯೇ ಎಂದು ನಂಬುವುದು ಹೇಗೆ?

ಉತ್ತರ 2:
ಈ ಪ್ರಶ್ನೆಯನ್ನು ಎಲ್ಲರೂ ಕೇಳಬೇಕು. ಇಜಿಎಫ್‌ಗೆ ಮೊದಲು ಯು0126 ಎಂಬ ರಾಸಾಯನಿಕ ಹಾಕಿದ ಒಂದು ತಟ್ಟೆ ಇಡಿ. ಇಆರ್‌ಕೆಗೆ ಫಾಸ್ಫೇಟ್ ಅಂಟಿಸುವ ಮೆಕ್ ಕೈನೇಸನ್ನು ಅದು ತಡೆಯುವುದರಿಂದ ಬ್ಯಾಂಡ್ ಅಡಗಬೇಕು. ಜೊತೆಗೆ ಮೆಂಬ್ರೇನಿನ ಒಂದು ಪಟ್ಟಿಯನ್ನು ಲ್ಯಾಂಬ್ಡಾ ಫಾಸ್ಫಟೇಸ್‌ನಲ್ಲಿ ನೆನೆಸಿ. ಅಲ್ಲೂ ಫಾಸ್ಫೋ ಬ್ಯಾಂಡ್ ಅಳಿದು, ಒಟ್ಟು ಇಆರ್‌ಕೆ ಹಾಗೆಯೇ ಉಳಿದರೆ ನಿಮ್ಮ ಆಂಟಿಬಾಡಿಯನ್ನು ನಂಬಬಹುದು. ಒಂದೇ ಮೆಂಬ್ರೇನ್‌ನಲ್ಲಿ ಎರಡನ್ನೂ ನೋಡುವುದಾದರೆ ಫಾಸ್ಫೋ ಮೊದಲು. ಆ ಆಂಟಿಬಾಡಿಯನ್ನು ತೊಳೆದು ತೆಗೆದ (ಸ್ಟ್ರಿಪ್ ಮಾಡಿದ) ಮೇಲೆ ಒಟ್ಟು ಇಆರ್‌ಕೆ.