ಸಹಾಯ ಬೇಕು: ಒಂದು ಸಾಲು ಬದಲಿಸಿದರೂ ಲಿಂಕ್ ಆಗೋಕೆ ನಾಲ್ಕು ನಿಮಿಷ!

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೆಯ, ದೊಡ್ಡ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್. ಲಿನಕ್ಸ್, ಬಿಲ್ಡ್ ಸಿದ್ಧಪಡಿಸೋಕೆ ಸಿಮೇಕ್, ಕಂಪೈಲರ್ ಕ್ಲ್ಯಾಂಗ್. ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ‍್ಯಾಮ್ ಇದೆ.

ಒಂದು ಫೈಲಿನಲ್ಲಿ ಒಂದೇ ಸಾಲು ಬದಲಿಸಿದರೆ ಕಂಪೈಲ್ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಆಮೇಲೆ ಲಿಂಕಿಂಗ್ (ಕಂಪೈಲ್ ಆದ ತುಂಡುಗಳನ್ನೆಲ್ಲ ಜೋಡಿಸಿ ಪ್ರೋಗ್ರಾಮ್ ಮಾಡುವುದು) ಶುರು. ಹತ್ತಿರ ಹತ್ತಿರ ನಾಲ್ಕು ನಿಮಿಷ ಸುಮ್ನೆ ಕೂರಬೇಕು. ಅಷ್ಟರಲ್ಲಿ ಕೈ ಫೋನಿಗೆ ಹೋಗುತ್ತದೆ, ಯಾವ ಬಗ್ ಹುಡುಕುತ್ತಿದ್ದೆ ಅನ್ನೋದೇ ಮರೆತುಹೋಗುತ್ತದೆ. ನಾಲ್ಕು ನಿಮಿಷಕ್ಕಿಂತ ಇದೇ ದೊಡ್ಡ ನಷ್ಟ ಅಲ್ವಾ? (ಮ್ಯಾನೇಜರಿಗೆ ಇದು ಅರ್ಥ ಆಗಲ್ಲ, ಬಿಡಿ.)

ಬಿಲ್ಡ್ ನಡೆಸೋಕೆ ಮೇಕ್ ಬಿಟ್ಟು ನಿಂಜಾ ಹಾಕಿದೆ. ಹಿಂದೆ ಕಂಪೈಲ್ ಆದದ್ದನ್ನು ಉಳಿಸಿಟ್ಟು ಮತ್ತೆ ಬಳಸುವ ಸಿಸಿಕ್ಯಾಶ್ ಹಾಕಿದ ಮೇಲೆ ಪೂರ್ತಿ ಬಿಲ್ಡ್ ಬೇಗ ಆಗುತ್ತಿದೆ, ಆದರೆ ಅದು ಲಿಂಕಿಂಗ್‌ಗೆ ಕೈ ಹಾಕುವುದೇ ಇಲ್ಲ. ಲಿಂಕರ್ ಬದಲಿಸಿ ಎಲ್‌ಎಲ್‌ಡಿ ಹಾಕಿದೆ, ಸ್ವಲ್ಪ ವಾಸಿ. ನಿಂಜಾ ಟೆಸ್ಟ್ ಪ್ರೋಗ್ರಾಮ್‌ಗಳನ್ನೆಲ್ಲ ಒಟ್ಟಿಗೆ ಲಿಂಕ್ ಮಾಡಲು ಹೋಗಿ ಮೆಮೊರಿ ತುಂಬಿ, ಡಿಸ್ಕನ್ನೇ ಮೆಮೊರಿಯಂತೆ ಬಳಸುವ ಸ್ವಾಪ್‌ಗೆ ಇಳಿಯುತ್ತಿತ್ತು. ಜಾಬ್ ಪೂಲ್ ಹಾಕಿ ಒಂದು ಸಲಕ್ಕೆ ಎರಡೇ ಲಿಂಕ್ ಅಂತ ಮಾಡಿದೆ. ಈಗ ಮೆಷಿನ್ ಹ್ಯಾಂಗ್ ಆಗುವುದಿಲ್ಲ, ಸಮಯ ಮಾತ್ರ ಅಷ್ಟೇ.

ಡೀಬಗ್ ಮಾಹಿತಿ (ಬಗ್ ಹುಡುಕೋಕೆ ಪ್ರೋಗ್ರಾಮ್ ಜೊತೆ ಇಡುವ ವಿವರ) ತೆಗೆದುಹಾಕಿ ನೋಡಿದರೆ ಲಿಂಕ್ ಫಟಾಫಟ್ ಮುಗಿಯುತ್ತದೆ. ಆದರೆ ಆ ಮಾಹಿತಿ ಬಳಸುವ ಡೀಬಗರ್ ಜಿಡಿಬಿ ಇಲ್ಲದೆ ನನಗೆ ಕೆಲಸ ನಡೆಯುವುದಿಲ್ಲ. ಎರಡು ದಾರಿ ಕಾಣುತ್ತಿದೆ: ಸ್ಪ್ಲಿಟ್ ಡ್ವಾರ್ಫ್ ಅನ್ನೋ ಕಂಪೈಲರ್ ಆಯ್ಕೆ ಹಾಕಿ ಡೀಬಗ್ ಮಾಹಿತಿಯನ್ನು ಬೇರೆ ಫೈಲಿನಲ್ಲಿ ಇಡುವುದು. ಇಲ್ಲಾ, ಡೆವಲಪ್‌ಮೆಂಟ್ ಬಿಲ್ಡ್‌ಗೆ ಮಾತ್ರ ಸ್ಟ್ಯಾಟಿಕ್ (ಲಿಂಕ್ ಮಾಡುವಾಗಲೇ ಪ್ರೋಗ್ರಾಮಿನೊಳಗೆ ಸೇರುವ) ಲೈಬ್ರರಿಗಳನ್ನು ಶೇರ್ಡ್ (ಬೇರೆ ಫೈಲಾಗಿದ್ದು ಪ್ರೋಗ್ರಾಮ್ ಓಡುವಾಗ ಸೇರುವ) ಮಾಡುವುದು. ರಿಲೀಸ್ ಮಾತ್ರ ಸ್ಟ್ಯಾಟಿಕ್ ಆಗಿಯೇ ಇರಬೇಕು.

ದೊಡ್ಡ ಪ್ರಾಜೆಕ್ಟ್‌ನಲ್ಲಿ ಇವೆರಡನ್ನೂ ಬಳಸಿದವರು ಹೇಳಿ: ಮೊದಲು ಯಾವುದಕ್ಕೆ ಕೈ ಹಾಕಲಿ? ಸ್ಪ್ಲಿಟ್ ಡ್ವಾರ್ಫ್ ಹಾಕಿದ ಮೇಲೆ ಜಿಡಿಬಿಯಲ್ಲಿ ಏನಾದರೂ ತೊಂದರೆ ಬಂತಾ?